ಹಸಿ ಬಿದಿರಿನ ಅನ್ನ

ಹೋದ ತಿಂಗಳು ಕೊಲ್ಲಾಪುರದಲ್ಲಿ ಕಣ್ಣು ತೋರಿಸಿಕೊಂಡು ಮರಳುವಾಗ ಶಿರೋಳಿಯ ಹತ್ತಿರ, ಹೆದ್ದಾರಿಯ ಬದಿಯ ಹೊಸ ಹೋಟೆಲೊಂದರ ಮುಂದೆ ಮಗಳು ಕಾರು ನಿಲ್ಲಿಸಿದಳು. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಿದ್ದೆ, ಅಷ್ಟರಲ್ಲಿ ವಾಸನೆ ಬಂತು. ಫೌಂಡ್ರಿಗಳ ಸುಟ್ಟ ಮಣ್ಣಿನ ವಾಸನೆ ಆ ದಾರಿಯಲ್ಲಿ ಯಾವಾಗಲೂ ಇರುತ್ತದೆ. ಇದು ಅದಲ್ಲ. ಹಸಿ ಬಿದಿರಿಗೆ ಬೆಂಕಿ ತಗಲಿ ಅದರೊಳಗಿನ ನೀರು ಕುದಿಯುವಾಗ ಬರುವ, ಕೊಂಚ ಸಿಹಿ ಕೊಂಚ ಒಗರು ವಾಸನೆ. ಇನ್ನೊಂದು ಕಾಲನ್ನು ಕಾರಿನಲ್ಲಿಯೇ ಇಟ್ಟುಕೊಂಡು ಹಾಗೇ ಕೂತುಬಿಟ್ಟೆ.

"ಏನಾತವ್ವಾ?" ಎಂದಳು ಮಗಳು.

ಏನೂ ಇಲ್ಲ ಎಂದೆ. ಹೋಟೆಲಿನ ಅಂಗಳದಲ್ಲಿ ಕೆಂಡದ ಪಕ್ಕ ಬಿದಿರಿನ ಕೊಳವೆಗಳನ್ನು ಸಾಲಾಗಿ ಒರಗಿಸಿದ್ದರು. ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಾಂಬೂ ರೈಸ್ ಎಂದು ಬರೆದಿತ್ತು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇದೇ ಅನ್ನ ಬೇಯಿಸಿದ್ದಕ್ಕೆ ಒಬ್ಬ ಮನುಷ್ಯ ಇಲ್ಲೇ ಹತ್ತಿರದ ಒಂದು ಓಣಿಯನ್ನು ಬಿಟ್ಟು ಹೋಗಬೇಕಾಯಿತು ಎಂದರೆ ಅವರಲ್ಲಿ ಯಾರೂ ನಂಬಲಿಕ್ಕಿಲ್ಲ...

ನಾವೆಲ್ಲ ಅವರನ್ನು ಖಾನಾವಳಿ ಕಾಕಾ ಎನ್ನುತ್ತಿದ್ದೆವು. ನಾನು ಉತ್ತೂರಿನಿಂದ ಮದುವೆಯಾಗಿ ಇಚಲಕರಂಜಿಯ ಕಬನೂರಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಗಂಡನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಹಗಲೆಲ್ಲ ಅವುಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ, ಆ ಮನೆಯವರು ಮಗ್ಗ ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದರು. ಹಿತ್ತಲಿನಲ್ಲಿ ಎದೆಮಟ್ಟದ ಒಂದು ಗೋಡೆ, ಅದರಾಚೆ ಕಾಕಾನ ಖಾನಾವಳಿ. ಈಚೆ ನಾನು ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಆಚೆ ಕಾಕಾ ರೊಟ್ಟಿ ಬಡಿಯುತ್ತಿದ್ದರು.

ಐವತ್ತರ ಆಸುಪಾಸಿನ ವಯಸ್ಸು. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ತಲೆಯ ಮೇಲೆ ಮಾಸಿದ ಖಾಕಿ ಟೊಪ್ಪಿಗೆ. ಗಡಹಿಂಗ್ಲಜದವರು. ಮೊದಲು ಸೈನ್ಯದಲ್ಲಿ ಅಡುಗೆಯವರಾಗಿದ್ದರು. ಕಾಂಬೋಡಿಯಾ ದೇಶದಲ್ಲಿ ಯುದ್ಧ ನಿಂತ ಮೇಲೆ, ಅದು ನಿಂತೇ ಇದೆಯೋ ಇಲ್ಲವೋ ನೋಡಿಕೊಳ್ಳಲು ನಮ್ಮ ದೇಶದಿಂದಲೂ ಒಂದಷ್ಟು ಜನರನ್ನು ಕಳಿಸಿದ್ದರಲ್ಲ, ಆ ಜನರಿಗೆ ಬೇಳೆ-ರೊಟ್ಟಿ ಬೇಯಿಸಿ ಹಾಕಲು ಕಾಕಾನೂ ಹೋಗಿದ್ದರು. ಮೂರು ವರ್ಷ ಅಲ್ಲಿದ್ದು ಬಂದವರು ಗಡಹಿಂಗ್ಲಜದ ಮನೆಗೆ ಬೀಗ ಹಾಕಿ, ನಮ್ಮ ಕಬನೂರಿನಲ್ಲಿ ಖಾನಾವಳಿ ತೆರೆದಿದ್ದರು. ಸ್ವಂತ ಮನೆ ಇದ್ದೂ ಇಲ್ಲೇಕೆ ಎಂದು ಯಾರಾದರೂ ಕೇಳಿದರೆ ಅವರ ಎಲೆಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು.

ಉಣ್ಣಲು ಬಂದವರನ್ನು ಕಾಕಾ ಕೇಳುತ್ತಿದ್ದ ಮೊದಲ ಮಾತು, "ಎಲ್ಲಿಗೆ ಹೊಂಟೀರಿ?" ನೂಲಿನ ವ್ಯಾಪಾರಿ ಮುಂಬಯಿ ಎನ್ನಲಿ, ಲಾರಿ ಡ್ರೈವರು ಸೊಲ್ಲಾಪುರ ಎನ್ನಲಿ, ಆ ಊರಿನಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಹೇಳದೆ ಕಾಕಾ ಎಲೆಗೆ ಬಡಿಸುತ್ತಿರಲಿಲ್ಲ. ಮಗ್ಗದ ಹುಡುಗರು ಬೇಕೆಂದೇ "ನಾವು ಕಾಂಬೋಡಿಯಾಕ್ಕ ಹೊಂಟೇವ್ರಿ ಕಾಕಾ" ಎನ್ನುತ್ತಿದ್ದರು. ಮುಗಿಯಿತು, ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು.

"ಮುಂಜಾನೆ ಎದ್ದಕೂಡ್ಲೆ ಅಕ್ಕಿ ಶಾವಿಗಿ ತಿನ್ರಿ. ನಮ್ಮಂಗ ಬಿಸಿದಲ್ಲ, ತಣ್ಣಂದು. ಮ್ಯಾಲ ಹಸರ ಸಾರ ಹಾಕ್ತಾರ, ಬಾಳಿ ಹೂ ಸಣ್ಣಾಗಿ ಹೆಚ್ಚಿ ಉದರಸ್ತಾರ. ಸಾರಿನಾಗ ಮೀನ ಇರ್ತೈತಿ, ಒಲ್ಲದವರು ಮೊದಲ ಕೇಳಿಕೊಳ್ರಿ. ತಾಳಿ ಮರದ ರಸಾ ಮುಂಜಾನೆ ಕುಡೀರಿ, ಬೆಲ್ಲದ ನೀರು ಇದ್ದಂಗ ಇರ್ತೈತಿ. ಸಂಜೀಕ ಮಾತ್ರ ಮುಟ್ಟಬ್ಯಾಡ್ರಿ. ಹುಳಿತ ಮ್ಯಾಲ ಅದು ನಿಮ್ಮನ್ನ ಮನೀಗೆ ಹೋಗಗೊಡೂದಿಲ್ಲ."

ನಾವು ಚಹಾಕ್ಕೆ ಹಾಕುವ, ನಿಂಬೆ ವಾಸನೆಯ ಗವತಿ ಚಹಾದ ಹುಲ್ಲನ್ನು ಅಲ್ಲಿಯ ಖ್ಮೇರ್ ಜನ ಅರಿಷಿಣ, ಬೆಳ್ಳುಳ್ಳಿಯ ಜೊತೆ ಕಲ್ಲಿನಲ್ಲಿ ಕುಟ್ಟಿ ಮಸಾಲೆ ಮಾಡುತ್ತಾರಂತೆ. ಮೀನನ್ನು ಉಪ್ಪು ಹಾಕಿ ತಿಂಗಳುಗಟ್ಟಲೆ ಕೊಳೆಯಿಸಿ ಪ್ರಹೋಕ್ ಎಂಬುದೊಂದನ್ನು ಮಾಡುತ್ತಾರಂತೆ, ಅದಿಲ್ಲದೆ ಅವರಿಗೆ ಊಟವೇ ಇಲ್ಲವಂತೆ. "ಆ ಗಡಿಗಿ ಬಾಜೂಕ ನಿಂತು ಮೂರ ವರ್ಷ ಬ್ಯಾಳಿ ಕುದಿಸೀನಿ. ನನ್ನ ಮೂಗಿಗೆ ಪಿಂಚಣಿ ಕೊಡಬೇಕಾಗಿತ್ತು ಸರಕಾರ" ಎಂದು ಕಾಕಾ ನಗುತ್ತಿದ್ದರು. ಮಾತಿನ ನಡುವೆ ಒಮ್ಮೊಮ್ಮೆ ಕ್ರಲಾನ್ ಎಂಬ ಹೆಸರು ಬರುತ್ತಿತ್ತು. ಬಿದಿರಿನೊಳಗೆ ಬೇಯಿಸುವ ಅನ್ನ ಎಂದಷ್ಟು ಹೇಳಿ, ಅರ್ಧಕ್ಕೇ ಬಿಟ್ಟು ರೊಟ್ಟಿ ತಿರುವಿ ಹಾಕುತ್ತಿದ್ದರು.

ಮದುವೆಯಾದ ಮೇಲೆ ನಾನು ಎರಡು ಸಲ ಬಸುರಾಗಿ ಎರಡು ಸಲವೂ ಕೂಸು ಉಳಿದಿರಲಿಲ್ಲ. ಎರಡು ಸಲವೂ ನಮ್ಮತ್ತೆ ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ ತೊಳೆದಿಟ್ಟು, ಆಮೇಲೆ ಮತ್ತೆ ಏರಿಸಿದ್ದರು. ಮೂರನೆಯ ಸಲ ನಿಂತಾಗ ತೊಟ್ಟಿಲು ಕೆಳಗಿಳಿಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯದೆ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

ಐದನೆಯ ತಿಂಗಳು ಹತ್ತಿದರೂ ನನಗೆ ಅನ್ನ ನಿಲ್ಲಲಿಲ್ಲ. ಮಗ್ಗದ ಎಣ್ಣೆಯ ವಾಸನೆ, ಹಾಸುನೂಲಿಗೆ ಹಚ್ಚುವ ಗಂಜಿಯ ವಾಸನೆ, ಒಗ್ಗರಣೆಯ ವಾಸನೆ, ಯಾವುದು ಬಂದರೂ ಹೊಟ್ಟೆ ತೊಳಸುತ್ತಿತ್ತು. ಕಾಕಾ ಗೋಡೆಯ ಮೇಲಿಡುತ್ತಿದ್ದ ಗವತಿ ಚಹಾದ ಕಷಾಯ ಮಾತ್ರ ಒಳಗೆ ಇಳಿಯುತ್ತಿತ್ತು. ಸೂಲಗಿತ್ತಿ ಬಂದು ನನ್ನ ಕೈ ಹಿಡಿದು ನೋಡಿ, ಅತ್ತೆಯ ಕಡೆ ತಿರುಗಿ, "ಹೊಟ್ಟ್ಯಾಗ ಕೂಳ ನಿಲ್ಲಲಿಲ್ಲಂದ್ರ ಇದೂ ನಿಲ್ಲೂದಿಲ್ಲ ನೋಡ್ರಿ" ಎಂದಳು. ನಾನು ಅಲ್ಲೇ ಕೂತಿದ್ದೆ, ನನಗೆ ಕೇಳಿಸಬಾರದೆಂದು ಯಾರೂ ದನಿ ತಗ್ಗಿಸಲಿಲ್ಲ.

ಅಂಥ ಒಂದು ದಿನ ಗೋಡೆಗೆ ಆತು ನಿಂತು ಕೇಳಿದೆ, "ಕಾಕಾ, ಆ ಬಿದಿರಿನ ಅನ್ನಾ ಹೆಂಗ ಮಾಡ್ತಾರ್ರೀ?"

ಸುಮ್ಮನೆ ಹೊತ್ತು ಕಳೆಯಲು ಕೇಳಿದ್ದೆ. ಅವರೂ ಸುಮ್ಮನೆ ಹೇಳತೊಡಗಿದರು. ಅಂಟಿನ ಅಕ್ಕಿಯನ್ನು ನೆನೆಸಿ, ಅಲಸಂದಿ ಕಾಳು, ಕಾಯಿ ಹಾಲು, ತಾಳೆ ಬೆಲ್ಲ, ಚಿಟಿಕೆ ಉಪ್ಪು ಕಲಸಿ ಹಸಿ ಬಿದಿರಿನ ಕೊಳವೆಗೆ ತುಂಬಬೇಕು. ಬಾಯಿಗೆ ಬಾಳೆ ಎಲೆ ತುರುಕಬೇಕು. ಕೆಂಡದ ಪಕ್ಕ ನಿಲ್ಲಿಸಿ ತಿರುವುತ್ತ ತಿರುವುತ್ತ ಎರಡು ತಾಸು ಬೇಯಿಸಬೇಕು. ಆಮೇಲೆ ಸುಟ್ಟ ಸಿಪ್ಪೆಯನ್ನು ಕೆತ್ತಿ, ಬಾಳೆಹಣ್ಣು ಸುಲಿದಂತೆ ಬಿದಿರನ್ನು ಸುಲಿದರೆ ಒಳಗೆ ಬಿಳಿಯ ಪೊರೆ ಸುತ್ತಿಕೊಂಡ ಅನ್ನ. ಕೇಳುತ್ತ ಕೇಳುತ್ತ ನನ್ನ ಬಾಯಲ್ಲಿ ನೀರು ಬಂತು. ಎಷ್ಟೋ ವಾರಗಳಾಗಿದ್ದವು ಹಾಗೆ ನೀರು ಬಂದು.

"ಕಾಕಾ, ನನಗ ಅದು ಬೇಕು" ಎಂದೆ.

ಬಸುರಿಯ ಬಯಕೆಯನ್ನು ನಮ್ಮ ಕಡೆ ಯಾರೂ ಅಲ್ಲಗಳೆಯುವುದಿಲ್ಲ. ಕೇಳಿಸಿಕೊಂಡವರ ಮೇಲೆ ಅದನ್ನು ತೀರಿಸುವ ಭಾರ ಬೀಳುತ್ತದೆ. ಅದು ನನಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ಆದರೂ ಅವರು "ಅದೊಂದು ಬ್ಯಾಡವ್ವಾ. ಬ್ಯಾರೆ ಏನರ ಕೇಳು" ಎಂದರು.

ಯಾಕೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲಿ ಬಿದಿರು ಸುಡುವುದಿಲ್ಲ. ಮೊರ ಮುರಿದರೂ ಬುಟ್ಟಿ ಹರಿದರೂ ತಿಪ್ಪೆಗೆ ಹೋಗುತ್ತದೆ, ಒಲೆಗೆ ಹೋಗುವುದಿಲ್ಲ. ಬಿದಿರು ಸುಟ್ಟ ಮನೆಯಲ್ಲಿ ಮುಂದೆ ಮಕ್ಕಳು ಉಳಿಯುವುದಿಲ್ಲ ಎಂಬ ಭಯ. ಅದೂ ಅಲ್ಲದೆ ಅದು ಪಿತೃಪಕ್ಷ. ಮದುವೆಯ ಹಂದರಗಳಿಲ್ಲದ ಆ ದಿನಗಳಲ್ಲಿ ಹಸಿ ಬಿದಿರು ಒಂದು ಓಣಿಗೆ ಬಂತೆಂದರೆ ಅದು ಒಂದೇ ಕೆಲಸಕ್ಕೆ, ಸತ್ತವರನ್ನು ಕೂರಿಸಿ ಹೊರುವ ವಿಮಾನ ಕಟ್ಟುವುದಕ್ಕೆ.

ನನಗೆ ಅಳು ಬಂತು. ಆಗ ಕಾಕಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಗೋಡೆಯ ಹತ್ತಿರ ಬಂದು, ಓಣಿಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಹೇಳಿದರು.

"ಅಲ್ಲಿ ನದಿ ದಂಡಿಮ್ಯಾಲ ಒಬ್ಬಾಕಿ ಮುದುಕಿ ಈ ಅನ್ನಾ ಮಾರ್ತಿದ್ಳು. ದಾರಿ ಹಿಡದವರು ಎರಡೆರಡ ಕೊಳವಿ ತಗೊಂಡ ಹೋಗ್ತಿದ್ರು, ಲಗೂನ ಕೆಡೂದಿಲ್ಲ ಅದು. ಹೋದ ಹೊಸದರಾಗ ಒಂದಿನ ನಾನೂ ಆಕಿ ಬೆಂಕಿ ಮುಂದ ಕುಂತೆ. ತಿಂದೆ, ನಕ್ಕೆ, ಮಾಡೂದ ಕಲತೆ. ನನ್ನ ಕೈಲೇ ಬಿದಿರ ತಿರುವಿ ತಿರುವಿ ಸುಟ್ಟೆ. ಆಮ್ಯಾಲ ಗಡಿಂಗ್ಲಜದಿಂದ ಪತ್ರ ಬಂತು. ಹಡ್ಯಾಕ ಕುಂತ ಹೆಂಡ್ತಿ ಏಳಲಿಲ್ಲಂತ. ಕೂಸೂ ಇಲ್ಲಂತ. ತಾರೀಖ ನೋಡಿದೆ... ಅವತ್ತಿನ ದಿನಾನ ಅದು."

ನನ್ನ ಅಳು ನಿಂತಿತು. "ನೀವು ನಂಬ್ತೀರೇನ್ರಿ ಅದನ್ನ?" ಎಂದು ಕೇಳಿದೆ.

"ಇಲ್ಲವ್ವಾ, ನಂಬೂದಿಲ್ಲ. ಆದರ ಅವತ್ತಿಂದ ಬಿದಿರ ಸುಟ್ಟಿಲ್ಲ."

ಬುದ್ಧಿ ಇದ್ದವಳಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ನನಗೆ ಆಗ ಇಪ್ಪತ್ತು ವರ್ಷ, ಹೊಟ್ಟೆಯೊಳಗೆ ಇನ್ನೊಂದು ಜೀವ, ಅದು ಹೋಗುತ್ತದೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಮಾರನೆಯ ದಿನವೂ ಅದನ್ನೇ ಕೇಳಿದೆ. ಅದರ ಮಾರನೆಯ ದಿನ ಬಾಯಿ ತೆರೆದು ಕೇಳಲಿಲ್ಲ, ಆದರೆ ಕುಡಿದ ಮಜ್ಜಿಗೆಯನ್ನೆಲ್ಲ ಹಿತ್ತಲಲ್ಲೇ ಕಾರಿಕೊಂಡು ಗೋಡೆಗೆ ಒರಗಿ ಕೂತೆ. ಕಾಕಾ ಆಚೆಯಿಂದ ನೋಡಿದರು. ಟೊಪ್ಪಿಗೆ ಹಾಕಿಕೊಂಡು ಪೇಟೆಗೆ ಹೋದರು.

ಬುಟ್ಟಿ ಹೆಣೆಯುವವನ ಹತ್ತಿರ ಒಂದು ಹಸಿ ಬಿದಿರು ಕೇಳಿದಾಗ ಅವನು ಮರಾಠಿಯಲ್ಲಿ "ಕೋಣ್ ಗೇಲಂ, ಕಾಕಾ?" ಎಂದನಂತೆ, ಯಾರು ಹೋದರು ಎಂದು. "ಯಾರೂ ಹೋಗಿಲ್ಲೋ, ಅಡಗಿಗೆ ಬೇಕು" ಎಂದರೆ ಅವನು ನಂಬಲಿಲ್ಲ. ದುಃಖದಲ್ಲಿ ಏನೋ ಅನ್ನುತ್ತಿದ್ದಾರೆ ಎಂದುಕೊಂಡು ಕೈ ಮುಗಿದನಂತೆ. ಹೆಗಲ ಮೇಲೆ ಹಸಿ ಬಿದಿರು, ಕೈಯಲ್ಲಿ ಎರಡು ತೆಂಗಿನಕಾಯಿ. ಇಚಲಕರಂಜಿಯ ಪೇಟೆಯಿಂದ ಕಬನೂರಿನ ನಮ್ಮ ಓಣಿಯವರೆಗೆ ಕಾಕಾ ಹಾಡುಹಗಲಲ್ಲಿ ಹಾಗೆ ನಡೆದು ಬಂದರು. ದಾರಿಯಲ್ಲಿ ಜನ ಬದಿಗೆ ಸರಿದು ಹಾದಿ ಬಿಟ್ಟರಂತೆ. "ಮಂತ್ರಿ ಬಂದ್ರೂ ಹಿಂಗ ಹಾದಿ ಬಿಡೂದಿಲ್ಲವಾ" ಎಂದು ಆಮೇಲೆ ನನಗೆ ಹೇಳಿದರು. ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ.

ಅವತ್ತು ಅತ್ತೆ ಹಿರಿಯರಿಗೆ ಎಡೆ ಇಡುವ ಕೆಲಸಕ್ಕೆ ಕೊಲ್ಲಾಪುರದ ಅವರ ತವರಿಗೆ ಹೋಗಿದ್ದರು. ಗಂಡ ಮಗ್ಗದ ಮುಂದಿದ್ದರು. ನನ್ನ ತವರಿನಿಂದ ಬಂದ ಘನಸಾಳ ಅಕ್ಕಿಯನ್ನು ನಾನೇ ಗೋಡೆಯ ಮೇಲಿಂದ ದಾಟಿಸಿದೆ. ಅದು ಬೆಂದರೆ ಮೆತ್ತಗೆ ಮುದ್ದೆಯಾಗುತ್ತದೆ, ಅಂಟಿನ ಅಕ್ಕಿಯ ಬದಲಿಗೆ ಅದೇ ಆದೀತು ಎಂದರು ಕಾಕಾ. ತಾಳೆ ಬೆಲ್ಲ ಸಿಗದ್ದಕ್ಕೆ ನಮ್ಮ ಕಬ್ಬಿನ ಬೆಲ್ಲ. ಮಧ್ಯಾಹ್ನದ ಊಟದವರೆಲ್ಲ ಎದ್ದು ಹೋದ ಮೇಲೆ ಖಾನಾವಳಿಯ ಬಾಗಿಲು ಮುಂದೆ ಮಾಡಿ ಅವರು ಹಿತ್ತಲಲ್ಲಿ ಕೆಂಡ ಹರವಿದರು. ಎರಡು ಕೊಳವೆ. ಬಿದಿರಿನ ತುದಿಗಳಿಂದ ನೊರೆ ಉಕ್ಕಿ ಸುಯ್ ಎನ್ನುತ್ತಿತ್ತು. ಒಮ್ಮೆ ಗೆಣ್ಣು ಒಡೆದು ಢಬ್ ಎಂದು ಸದ್ದಾದಾಗ ಇಬ್ಬರೂ ಬೆಚ್ಚಿಬಿದ್ದೆವು. ಕಾಕಾನ ತುಟಿ ಅಲ್ಲಾಡುತ್ತಿತ್ತು, ಶಿವನಾಮವೋ ಹೆಂಡತಿಯ ಹೆಸರೋ ನನಗೆ ತಿಳಿಯದು.

ಸುಟ್ಟ ಸಿಪ್ಪೆ ಕೆತ್ತಿ, ಬಿದಿರು ಸುಲಿದು, ಮೊದಲ ತುತ್ತನ್ನು ಅವರೇ ಬಾಯಿಗೆ ಹಾಕಿಕೊಂಡರು.

"ಏನರ ಆಗೂದಿದ್ರ ಮೊದಲ ನನಗ ಆಗಲಿ" ಎಂದರು. ಆಮೇಲೆ ನನಗೆ ಕೊಟ್ಟರು.

ಆ ರುಚಿಯನ್ನು ಹೇಗೆ ಹೇಳಲಿ... ಕಾಯಿ ಹಾಲಿನ ಜಿಡ್ಡು, ಅಲಸಂದಿಯ ಹಿಟ್ಟು ಹಿಟ್ಟು ರುಚಿ, ಎಲ್ಲದರ ಕೆಳಗೆ ಹಸಿ ಬಿದಿರಿನ ಒಗರು. ನಿಂತಲ್ಲೇ ಒಂದು ಕೊಳವೆ ಖಾಲಿ ಮಾಡಿದೆ, ಇನ್ನೊಂದರಲ್ಲಿ ಅರ್ಧ ತಿಂದೆ. ಹೊಟ್ಟೆ ತೊಳಸಲಿಲ್ಲ. ಒಳಗೆ ಹೋಗಿ ಮಲಗಿದವಳು ಸಂಜೆಯ ದೀಪ ಹಚ್ಚುವವರೆಗೂ ನಿದ್ದೆ ಮಾಡಿದೆ. ಎದ್ದಾಗ ಹಸಿವಾಗಿತ್ತು. ನಿಜವಾದ ಹಸಿವು, ರೊಟ್ಟಿ ಕೇಳುವ ಹಸಿವು. ಕಾಕಾ ಅಷ್ಟರಲ್ಲಿ ಬೂದಿ, ಕೆತ್ತಿದ ಸಿಪ್ಪೆ, ಒಂದು ಚೂರೂ ಬಿಡದೆ ಗೋಣಿಚೀಲಕ್ಕೆ ತುಂಬಿ ತಮ್ಮ ಕಡೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ನಮ್ಮ ಹಿತ್ತಲಿಗೆ ಒಂದು ಎಳೆಯೂ ಬೀಳಬಾರದೆಂದು.

ಅದೇ ಹೊತ್ತಿಗೆ ಉತ್ತೂರಿನಲ್ಲಿ ಏನು ನಡೆದಿತ್ತೋ ನಮಗೆ ಗೊತ್ತಿರಲಿಲ್ಲ. ನಮ್ಮೂರಿನ ಒಬ್ಬ ಮನುಷ್ಯ ಸಂತೆಗೆಂದು ಇಚಲಕರಂಜಿಗೆ ಬಂದಿದ್ದ. ಹಸಿ ಬಿದಿರು ನಮ್ಮ ಓಣಿಗೆ ತಿರುಗಿದ್ದನ್ನು ಕಣ್ಣಾರೆ ಕಂಡ. ಆ ಓಣಿಯಲ್ಲಿ ಉತ್ತೂರಿನ ಬಸುರಿ ಮಗಳೊಬ್ಬಳಿದ್ದಾಳೆ, ಮೊದಲೇ ಎರಡು ಸಲ ಬಸಿರು ಹೋಗಿದೆ ಎಂದು ಅವನಿಗೆ ಗೊತ್ತಿತ್ತು. ಒಳಗೆ ಬಂದು ಕೇಳುವ ಧೈರ್ಯವಾಗದೆ ಬಸ್ಸು ಹತ್ತಿ ಊರಿಗೆ ಹೋದ. ನಮ್ಮವ್ವನ ಮುಂದೆ ನಿಂತು, "ಮಗಳಿಗೆ ಸ್ವಲ್ಪ ಆರಾಮಿಲ್ಲಂತ ಕಾಣತೈತಿ, ಹೋಗಿ ಬರ್ರಿ" ಎಂದ. ಪಾಪ, ಅವನು ಅಂದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಮ್ಮ ಕಡೆ ಸಾವಿನ ಸುದ್ದಿಯನ್ನು ಹೆತ್ತವಳಿಗೆ ಯಾರೂ ನೇರ ಹೇಳುವುದಿಲ್ಲ. ಆರಾಮಿಲ್ಲ, ಬರ್ರಿ ಎನ್ನುತ್ತಾರೆ. ಕೇಳಿದವರು ಉಳಿದದ್ದನ್ನು ತಾವೇ ತಿಳಿದುಕೊಳ್ಳುತ್ತಾರೆ. ಅವ್ವ ತಿಳಿದುಕೊಂಡಳು.

ಮರುದಿನ ಮಧ್ಯಾಹ್ನ ಅತ್ತೆ ಊರಿಂದ ಬಂದು ಕಾಲು ತೊಳೆಯುತ್ತಿದ್ದರು. ಓಣಿಯ ತಿರುವಿನಿಂದ ಅಳು ಕೇಳಿಸಿತು. ಸತ್ತವರ ಮನೆಗೆ ಬರುವವರು ತಿರುವಿನಿಂದಲೇ ಹಾಡಿಕೊಂ​ಡು ಅಳುತ್ತ ಬರುತ್ತಾರಲ್ಲ, ಆ ಅಳು. "ನನ್ನ ಬಂಗಾರಾ... ಮಡಲ ತುಂಬೂ ಮೊದಲ ಎಲ್ಲಿ ಹೋದೆವ್ವಾ..." ಯಾರ ಮನೆಯಲ್ಲಪ್ಪ ಎಂದು ನಾನೂ ಬಾಗಿಲಿಗೆ ಬಂದೆ. ತಲೆಗೂದಲು ಬಿಚ್ಚಿಕೊಂಡು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದವಳು ನನ್ನವ್ವ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು, ಅಳು ಅರ್ಧಕ್ಕೆ ನಿಂತಿತು, ಅಲ್ಲೇ ಧೂಳಿನಲ್ಲಿ ಕುಸಿದಳು. ಮಗ್ಗಗಳು ಒಂದೊಂದಾಗಿ ನಿಂತವು. ಅಷ್ಟು ಸದ್ದಿಲ್ಲದ ಓಣಿಯನ್ನು ನಾನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಇದ್ದವಳಿಗಾಗಿ, ಅದೂ ಬಸುರಿಗಾಗಿ, ಹೆತ್ತ ತಾಯಿಯೇ ಹೊಸ್ತಿಲಿಗೆ ಹೆಣದ ಅಳು ತಂದಿದ್ದಳು. ಅದಕ್ಕಿಂತ ದೊಡ್ಡ ಅಪಶಕುನ ಇನ್ನೇನಿದೆ. ಯಾಕೆ, ಯಾರು ಹೇಳಿದರು, ಯಾವ ಬಿದಿರು ಎಂದು ಕೇಳುತ್ತ ಕೇಳುತ್ತ ಎಲ್ಲರೂ ಕಾಕಾನ ಹಿತ್ತಲಿಗೆ ಬಂದು ಮುಟ್ಟಿದರು. ಗೋಣಿಚೀಲ ಸಿಕ್ಕಿತು. ಅತ್ತೆ ಅದನ್ನು ಬಿಚ್ಚಿ, ಸುಟ್ಟ ಬಿದಿರಿನ ಚೂರನ್ನು ಎತ್ತಿ ಹಿಡಿದು, ಕೂಗದೆ ಮೆಲ್ಲಗೆ ಕೇಳಿದರು. "ಇದನ್ನ ಯಾರು ಮಾಡಂದ್ರು ನಿಮಗ?"

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನಾನು ಎನ್ನಲು ಒಂದೇ ಉಸಿರು ಸಾಕಿತ್ತು. ಕಾಕಾ ಒಂದು ಸಲ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಯಾರೂ ಅಂದಿಲ್ರಿ. ನನಗ ತಿನಬೇಕನಿಸಿತ್ತು. ನಾನ ಸುಟ್ಟೇನಿ, ನಾನ ತಿಂದೇನಿ" ಎಂದರು.

ಮಕ್ಕಳಿಲ್ಲದವನಿಗೆ ಇನ್ನೊಬ್ಬರ ಹೊಟ್ಟೆ ಕಂಡರೆ ಉರಿ ಎಂದು ಯಾರೋ ಅಂದರು. ಕಾಕಾನ ಗಡಹಿಂಗ್ಲಜದ ಕತೆಯೂ ಎಲ್ಲಿಂದಲೋ ಹೊರಬಿತ್ತು, ಹೆಂಡತಿ ಮಗು ಎರಡನ್ನೂ ತಿಂದವ ಎಂಬ ಹೆಸರು ಸಂಜೆಯ ಹೊತ್ತಿಗೆ ತಯಾರಾಗಿತ್ತು. ಮಾರನೆಯ ದಿನದಿಂದ ಖಾನಾವಳಿಗೆ ಯಾರೂ ಬರಲಿಲ್ಲ. ಕಾಕಾ ಎರಡು ದಿನ ರೊಟ್ಟಿ ಬಡಿದು ಇಟ್ಟರು, ಮೂರನೆಯ ದಿನ ಒಲೆ ಹಚ್ಚಲಿಲ್ಲ. ನಾನು ಮಾತ್ರ ಗೋಡೆಯ ಈಚೆ ಕೂತು ದಿನಕ್ಕೆ ಮೂರು ಹೊತ್ತು ಉಣ್ಣುತ್ತಿದ್ದೆ. ಅವತ್ತಿನ ನಂತರ ನನಗೆ ಒಂದು ದಿನವೂ ವಾಂತಿಯಾಗಲಿಲ್ಲ. ಆ ಅನ್ನವೇ ನನ್ನನ್ನು ಎಬ್ಬಿಸಿತ್ತು, ಅದನ್ನು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಅತ್ತೆಗೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಒಂದು ವಾರದ ಮೇಲೆ ಬೆಳಿಗ್ಗೆ ಗೋಡೆಯ ಮೇಲೆ ಒದ್ದೆ ಗೋಣಿತಾಟು ಸುತ್ತಿದ ಗವತಿ ಚಹಾದ ಬುಡವೊಂದು ಕಂಡಿತು. ಆಚೆ ಕಾಕಾ ಟ್ರಂಕು ಕಟ್ಟುತ್ತಿದ್ದರು. "ಊರಿಗೆ ಹೊಂಟೇನಿ. ಇದನ್ನ ಹಚ್ಚಿಕೋ, ಕುದಿಸಿ ಕುಡಿ" ಎಂದರು. ಹೋಗುವವರು ನಿಂತು, ಗೋಡೆಯ ಮೇಲೆ ಕೈ ಇಟ್ಟು ಮತ್ತೊಂದು ಮಾತು ಹೇಳಿದರು.

"ಹಡದ ಮ್ಯಾಲ ಒಂದ ಮಾತ ಹೇಳಿ ಕಳಸವ್ವಾ. ಹೆಂಗದೀ, ಕೂಸ ಹೆಂಗೈತಿ, ಅಷ್ಟ ಸಾಕು."

ಆಗಲಿ ಎಂದು ತಲೆಯಾಡಿಸಿದೆ.

ಉತ್ತೂರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಅದರ ಅಳು ಕೇಳಿ ಬೀದಿಯವರೆಲ್ಲ ಎದ್ದು ಕೂತರೆಂದು ಅವ್ವ ಹೇಳುತ್ತಿದ್ದಳು. ಉತ್ತೂರಿನಿಂದ ಗಡಹಿಂಗ್ಲಜ ಏನು ಮಹಾ ದೂರ, ಸಂತೆಗೆ ಹೋಗಿ ಬರುವವರು ದಿನಾ ಇದ್ದರು. ಯಾರ ಕೈಯಲ್ಲಾದರೂ ಹೇಳಿ ಕಳಿಸಬಹುದಿತ್ತು. ಹೆಸರಿಡುವುದಾಗಲಿ ಎಂದುಕೊಂಡೆ. ಆಮೇಲೆ ಮೂರು ತಿಂಗಳು ತುಂಬಲಿ ಎಂದುಕೊಂಡೆ...

ಮಗುವಿಗೆ ಐದು ತಿಂಗಳಾದಾಗ ಗಂಡ ಬಂದು ಕರೆದುಕೊಂಡು ಹೊರಟರು. ಬಸ್ಸು ಗಡಹಿಂಗ್ಲಜದಲ್ಲಿ ನಿಂತಿತು. ಡ್ರೈವರು ಉಣ್ಣಲು ಹೋದ. ಗಂಡ ಚಹಾಕ್ಕೆ ಇಳಿದರು, ಬರುತ್ತೀಯೇನು ಎಂದೂ ಕೇಳಿದರು. ಅತ್ತೆ ಅಲ್ಲಿರಲಿಲ್ಲ, ಅವ್ವ ಇರಲಿಲ್ಲ, ತಡೆಯುವವರು ಒಬ್ಬರೂ ಇರಲಿಲ್ಲ. ಕಾಕಾನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ನಾನು ಮಗುವಿನ ಮುಖದ ಮೇಲೆ ಸೆರಗು ಎಳೆದು, ಕಿಟಕಿಗೆ ಬೆನ್ನು ಮಾಡಿ ಕೂತೆ. ಬಿದಿರು, ಅಪಶಕುನ ಎಲ್ಲ ಹುಚ್ಚು ಎಂದು ಮನಸ್ಸಿನಲ್ಲಿ ನಗುತ್ತಿದ್ದವಳು, ಆ ಮನುಷ್ಯನ ಕಣ್ಣು ನನ್ನ ಕೂಸಿನ ಮೇಲೆ ಬೀಳಬಾರದೆಂದು ಹೆದರಿ ಕೂತಿದ್ದೆ. ಅತ್ತೆಗಲ್ಲ, ಕಾಕಾನಿಗೇ ಹೆದರಿದ್ದೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ದೀಪಾವಳಿಗೆ ಮತ್ತೆ ತವರಿಗೆ ಹೊರಟಾಗ ಮನಸ್ಸು ತಡೆಯಲಿಲ್ಲ, ಮಗುವನ್ನು ಎತ್ತಿಕೊಂಡು ಗಡಹಿಂಗ್ಲಜದಲ್ಲಿ ಇಳಿದೇಬಿಟ್ಟೆ. ಮನೆಗೆ ಬೀಗ ಹಾಕಿತ್ತು. ಬಾಗಿಲ ಪಕ್ಕ ಗವತಿ ಚಹಾದ ಹುಲ್ಲು ಎದೆಯೆತ್ತರ ಬೆಳೆದಿತ್ತು. ಪಕ್ಕದ ಮನೆಯ ಮುದುಕಿ ಹೊರಗೆ ಬಂದು, ಕಾಕಾ ಶ್ರಾವಣದಲ್ಲಿ ತೀರಿಕೊಂಡರು ಎಂದಳು. ಲೆಕ್ಕ ಹಾಕಿದೆ. ನಾನು ಕಿಟಕಿಗೆ ಬೆನ್ನು ಮಾಡಿ ಕೂತ ದಿನ ಅವರು ಬದುಕಿದ್ದರು.

"ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ನಿಂದರ್ತಿದ್ರವಾ" ಎಂದಳು ಮುದುಕಿ. "ಇಚಲಕರಂಜಿ ಕಡಿ ಮಂದಿ ಕಂಡ್ರ ಸಾಕು, ಹಿಡದ ಕೇಳೂದು. ಕಬನೂರಾಗ ಒಬ್ಬಾಕಿ ಬಸರಿ ಇದ್ಳು, ಹಡದ್ಳೇನ್ರಿ, ಕೂಸ ಉಳೀತೇನ್ರಿ ಅಂತ. ಯಾರಿಗೆ ಗೊತ್ತಿರ್ತೈತಿ? ಜಡ್ಡಾಗಿ ಮಲಗಿದ ಮ್ಯಾಲೂ ಅದ ಮಾತು. ತನ್ನಿಂದ ಅದೂ ಹೋತು ಅಂತ ತಿಳಕೊಂಡ ಹೋದ್ರು ನೋಡು. ನಿನಗೇನರ ಗೊತ್ತೈತೇನ ಆಕಿ ಸುದ್ದಿ?"

ನನ್ನ ಸೊಂಟದ ಮೇಲೆ ಕೂತ ಕೂಸು ಮುದುಕಿಯ ಸೆರಗು ಹಿಡಿದು ಎಳೆಯುತ್ತಿತ್ತು. ಗೊತ್ತಿಲ್ಲ ಎಂದೆ.

ಮುಂದೆ ಎಷ್ಟೋ ವರ್ಷಗಳಾದ ಮೇಲೆ ಕಾಂಬೋಡಿಯಾದಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದ ಸುದ್ದಿ ಪತ್ರಿಕೆಯಲ್ಲಿ ಬರತೊಡಗಿತು. ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿದ ಒಂದು ಚಿತ್ರ ನೋಡಿದೆ. ಒಲೆಯ ಮುಂದೆ ಕೂತು ಆ ನದಿ ದಂಡೆಯ ಮುದುಕಿಯನ್ನು ನೆನೆದೆ, ಅವಳ ಮಕ್ಕಳನ್ನು ನೆನೆದೆ. ಬಿದಿರು ಸುಡುವ ಜನ, ಅದಕ್ಕೇ ಹೀಗಾಯಿತು ಎಂದು ಅತ್ತೆ ಇದ್ದಿದ್ದರೆ ಅನ್ನುತ್ತಿದ್ದರು. ಹಾಗೆ ಅನ್ನುವವರ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟಾಗುವ ಹಕ್ಕು ನನಗಿಲ್ಲ ಎಂದು ಮರುಕ್ಷಣವೇ ಅನಿಸಿತು.

ಶಿರೋಳಿಯ ಆ ಹೋಟೆಲಿನಲ್ಲಿ ಮಗಳು ಒಂದು ಕೊಳವೆ ತರಿಸಿದಳು. ಅದು ಕ್ರಲಾನ್ ಅಲ್ಲ, ಮಸಾಲೆ ಹಾಕಿದ ಪಲಾವು. ಆದರೆ ಬಿದಿರಿನ ಒಗರು ಅದೇ. ಅವಳು ರುಚಿಯಾಗಿದೆ ಎಂದು ಎರಡನೆಯ ಸಲ ಹಾಕಿಕೊಂಡಳು. ಅರವತ್ತು ದಾಟಿದ ಹೆಂಗಸು, ತಾನೇ ಈಗ ಅಜ್ಜಿ. ಆಗ ಅವಳಿಗೆ ಎಲ್ಲ ಹೇಳಿದೆ. ನನ್ನ ಹೊಟ್ಟೆಯಲ್ಲಿದ್ದವಳು ನೀನೇ, ಬಿದಿರು ಸುಡು ಎಂದು ಕೇಳಿದವಳು ನಾನೇ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಗಡಹಿಂಗ್ಲಜದ ಬಸ್ಸಿನವರೆಗೂ ಹೇಳಿದೆ.

ಅವಳು ಕೈಯಲ್ಲಿನ ತುತ್ತನ್ನು ತಟ್ಟೆಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಅಥವಾ ಬಿಡವ್ವಾ ಹಳೇ ಮಾತು ಎನ್ನುತ್ತಾಳೆ ಎಂದುಕೊಂಡೆ.

"ಬಸ್ಸು ಎಷ್ಟೊತ್ತ ನಿಂತಿತ್ತವ್ವಾ?" ಎಂದು ಕೇಳಿದಳು.

"ಅರ್ಧಾ ತಾಸು" ಎಂದೆ.